ತೆಗೆದು ಮತ್ತೆ ಇಡಬೇಕು

ಕಳೆದ ಅಕ್ಟೋಬರಿನಲ್ಲಿ ಓರಿನ್ ಹಕಲಾನನ್ನು ಮಣ್ಣು ಮಾಡಿ ಬಂದೆವು. ಪಾದ್ರಿಗಳು ಒಳ್ಳೆಯ ಮಾತುಗಳನ್ನೇ ಆಡಿದರು. ಇಪ್ಪತ್ತಾರು ವರ್ಷ ಗಣಿಯಲ್ಲಿ ದುಡಿದವನು, ಮೀನು ಹಿಡಿಯುವುದರಲ್ಲಿ ಎತ್ತಿದ ಕೈ, ಒಂದು ದಿನವೂ ಕೆಲಸಕ್ಕೆ ತಡವಾಗಿ ಬಂದವನಲ್ಲ ಎಂದರು. ಎಲ್ಲವೂ ನಿಜ. ಆದರೂ ಎರಡನೇ ಬೆಂಚಿನಲ್ಲಿ ಕುಳಿತಿದ್ದ ನನಗೆ ಸಿಟ್ಟು ಬರುತ್ತಿತ್ತು. ಒಬ್ಬ ಮನುಷ್ಯ ಹನ್ನೊಂದು ವರ್ಷ ಎದೆಯ ಮೇಲೆ ಹೊತ್ತುಕೊಂಡು ತಿರುಗಿದ್ದನ್ನು ಬಿಟ್ಟು ಅವನು ಹಿಡಿದ ಮೀನಿನ ಉದ್ದ ಹೇಳಿದರೆ ಏನು ಹೇಳಿದ ಹಾಗಾಯಿತು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ವರ್ನಾ ತ್ರುಡೋ. ಮಿಶಿಗನ್ನಿನ ಈ ಮೇಲ್ತುದಿಯ ಊರಿನಲ್ಲಿ, ಮನೆ ಕಾಯಿಸುವ ಎಣ್ಣೆ ಮಾರಿ, ಕೆಟ್ಟ ಫರ್ನೇಸ್ ರಿಪೇರಿ ಮಾಡಿಕೊಡುವ ಸಹಕಾರಿ ಸಂಘದಲ್ಲಿ ಮೂವತ್ತೆರಡು ವರ್ಷದಿಂದ ಫೋನ್ ಎತ್ತುವವಳು.

ಗಣಿಯಲ್ಲಿ ಓರಿನ್‌ನ ಕೆಲಸವೇನಿತ್ತೆಂದರೆ, ಆಳುಗಳು ನಿಂತ ಕಬ್ಬಿಣದ ತೊಟ್ಟಿಲನ್ನು ಯಂತ್ರದ ಹಗ್ಗದಲ್ಲಿ ಪಾತಾಳಕ್ಕಿಳಿಸಿ ಸಂಜೆ ಮೇಲಕ್ಕೆಳೆಯುವುದು. ಇಪ್ಪತ್ತಾರು ವರ್ಷದಲ್ಲಿ ತಾನು ಕೆಳಗಿಳಿಸಿದ ಒಬ್ಬನನ್ನೂ ಮೇಲೆ ತರದೆ ಬಿಟ್ಟವನಲ್ಲ. ಇದನ್ನು ಅವನು ಎಂದೂ ಹೇಳಿಕೊಳ್ಳುತ್ತಿರಲಿಲ್ಲ, ಊರವರು ಹೇಳುತ್ತಿದ್ದರು. ಗಣಿ ಮುಚ್ಚಿದಾಗ ಅವನಿಗೆ ನಲವತ್ತೊಂಬತ್ತು. ಜೊತೆಯವರು ಕೆಲವರು ಮರ ಕಡಿಯಲು ಹೋದರು, ಕೆಲವರು ಬಾರಿಗೆ ಹೋದರು. ಇವನು ಊರಿನ ಕಾಲೇಜಿಗೆ ಸೇರಿ, ತನ್ನ ಅರ್ಧ ವಯಸ್ಸಿನವರ ಮಧ್ಯೆ ಕುಳಿತು ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ ಕಲಿತ. ಆ ಭಾಷೆಯ ಹೆಸರು ಜಾವಾ. ನಮ್ಮ ಕಡೆ ಜಾವಾ ಎಂದರೆ ಕಾಫಿ. "ಎರಡು ವರ್ಷ ಕಾಫಿ ಮಾಡೋದು ಕಲಿತ್ಕೊಂಡು ಬಂದ್ಯಾ?" ಎಂದು ಕೇಳದವರು ಊರಲ್ಲಿ ಯಾರೂ ಇರಲಿಲ್ಲ, ನಾನೂ ಸೇರಿ.

ಅವನನ್ನು ಓದು ಎಂದು ತಳ್ಳಿದವಳು ಅವನ ಅಕ್ಕ ಐಲಿ. ತಾಯಿ ಸತ್ತಾಗ ಓರಿನ್‌ಗೆ ಐದು ವರ್ಷ, ಅವಳಿಗೆ ಹತ್ತೊಂಬತ್ತು. ಮದುವೆಗೆ ಗೊತ್ತಾಗಿದ್ದ ಹುಡುಗನಿಗೆ ಕೈಮುಗಿದು ಕಳಿಸಿ ತಮ್ಮನನ್ನು ಸಾಕಿದಳು. ಊರಿಂದ ಹದಿನೆಂಟು ಮೈಲಿ ದೂರದ ಫಿಶ್ ರಸ್ತೆಯಲ್ಲಿ, ತಂದೆ ಕಟ್ಟಿದ ಮನೆಯಲ್ಲಿ ಒಬ್ಬಳೇ ಇದ್ದಳು. ಶನಿವಾರ ಸಂಜೆ ಹಿತ್ತಲಿನ ಸೌನಾದ, ಅಂದರೆ ಬಿಸಿ ಹಬೆಯಲ್ಲಿ ಮೀಯುವ ಕೋಣೆಯ ಒಲೆ ಹಚ್ಚಿ, ಏಲಕ್ಕಿ ಹಾಕಿದ ಬ್ರೆಡ್ಡು ಸುಟ್ಟು, ತಮ್ಮನ ಕಾರಿನ ಸದ್ದಿಗೆ ಕಿವಿಗೊಟ್ಟು ಕೂರುವಳು. ಓರಿನ್ ಒಂದು ಶನಿವಾರವೂ ತಪ್ಪಿಸಿದವನಲ್ಲ.

ಯಾವ ಮನೆಗೆ ಮೊದಲು ಲಾರಿ ಕಳಿಸಬೇಕೆಂದು ಹೇಳುವ ಪ್ರೋಗ್ರಾಮ್ ಬರೆಯಲು ನಮ್ಮ ಸಂಘ ಓರಿನ್‌ನನ್ನು ಕೆಲಸಕ್ಕೆ ತೆಗೆದುಕೊಂಡಿತು. ಮೊದಲ ವಾರ ಅವನು ಏನೂ ಬರೆಯಲಿಲ್ಲ. ನನ್ನ ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ನನ್ನ ಹಸಿರು ತಗಡಿನ ಪೆಟ್ಟಿಗೆಯನ್ನು ನೋಡುತ್ತ ಕುಳಿತ. ಫೋನ್ ಬಂದರೆ ನಾನು ಒಂದು ಕಾರ್ಡಿನಲ್ಲಿ ಹೆಸರು, ರಸ್ತೆ, ಮನೆಯಲ್ಲಿ ಯಾರಿದ್ದಾರೆ, ಒಳಗೆ ಎಷ್ಟು ಚಳಿ (ನಮ್ಮದು ಫ್ಯಾರನ್‌ಹೀಟ್ ಲೆಕ್ಕ, ಮೂವತ್ತೆರಡು ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ) ಎಂದು ಬರೆದು, ತುರ್ತು ನೋಡಿ ಪೆಟ್ಟಿಗೆಯಲ್ಲಿ ಹಿಂದೆಯೋ ಮುಂದೆಯೋ ಸಿಕ್ಕಿಸುತ್ತಿದ್ದೆ. ಒಂದು ಲಾರಿಯ ಕೆಲಸ ಮುಗಿದರೆ ಮುಂದಿನ ಕಾರ್ಡು ಅದಕ್ಕೆ. ಇಷ್ಟೇ ವಿದ್ಯೆ.

"ವರ್ನಾ, ಕಾರ್ಡು ಪೆಟ್ಟಿಗೆ ಸೇರಿದ್ಮೇಲೆ ಆ ಮನೆ ಪರಿಸ್ಥಿತಿ ಬದಲಾದ್ರೆ ಏನ್ ಮಾಡ್ತೀಯ?" ಎಂದು ಕೇಳಿದ.

"ಏನ್ ಮಾಡ್ತೀನಿ? ತೆಗೆದು ಮತ್ತೆ ಇಡ್ತೀನಿ. ಸರಿಯಾದ ಜಾಗದಲ್ಲಿ."

"ಇದ್ದಲ್ಲೇ ಬಿಟ್ಟು ಅಂಕಿ ಮಾತ್ರ ತಿದ್ದಿದ್ರೆ ಸಾಲ್ದಾ?"

"ಅಂಕಿ ತಿದ್ದಿದ್ರೆ ಕಾರ್ಡು ತಾನಾಗೇ ಎದ್ದು ಮುಂದಕ್ಕೆ ನಡ್ಕೊಂಡು ಬರತ್ತಾ ಮಾರಾಯ? ಕಾಲಿದ್ಯಾ ಅದಕ್ಕೆ?"

ಅವನು ನಕ್ಕು ಜೇಬಿನ ಪುಸ್ತಕ ತೆಗೆದು ಬರೆದುಕೊಂಡ: ತೆಗೆದು ಮತ್ತೆ ಇಡಬೇಕು. ಆ ಪುಸ್ತಕ ಈಗ ನನ್ನ ಬಳಿ ಇದೆ. ಅಕ್ಷರ ಸ್ವಲ್ಪ ಎಡಕ್ಕೆ ವಾಲಿದೆ.

ಆಮೇಲಿನ ಎರಡು ವಾರ ನಾವು ಬರೀ ಜಗಳ ಆಡಿದೆವು. ಯಂತ್ರಕ್ಕೆ ಬರಿಯ ಅಂಕಿಗಳನ್ನು ಕೊಟ್ಟರೆ ಯಾವುದು ಚಿಕ್ಕದು ಯಾವುದು ದೊಡ್ಡದು ಎಂದು ಅದಕ್ಕೆ ಹುಟ್ಟಿನಿಂದಲೇ ಗೊತ್ತಂತೆ. ಆದರೆ ನಮ್ಮದು ಅಂಕಿಯಲ್ಲ, ಮನೆ. ಎರಡು ಮನೆಗಳನ್ನು ಎದುರುಬದುರು ನಿಲ್ಲಿಸಿ ಯಾರು ಮೊದಲು ಎಂದು ಹೇಳುವ ನಿಯಮವನ್ನು ನಾವೇ ಬರೆದುಕೊಡಬೇಕಿತ್ತು.

"ಒಂದ್ಮನೇಲಿ ಹಸುಗೂಸು, ಒಳಗೆ ಐವತ್ತು ಡಿಗ್ರಿ. ಇನ್ನೊಂದ್ರಲ್ಲಿ ಎಂಬತ್ತು ವರ್ಷದ ಮುದುಕ, ನಲವತ್ತೈದು ಡಿಗ್ರಿ. ಯಾರು ಮೊದಲು?"

"ಮುದುಕ ಯಾರು ಅಂತ ಹೇಳು, ಆಮೇಲೆ ನೋಡೋಣ."

"ಯಾರು ಅನ್ನೋದು ಯಂತ್ರಕ್ಕೆ ಗೊತ್ತಾಗಲ್ಲ ಕಣಮ್ಮ. ಗೊತ್ತಾಗಲೂ ಬಾರದು."

"ಹಾಗಾದ್ರೆ ನಿನ್ನ ಯಂತ್ರಕ್ಕಿಂತ ನನ್ನ ತಗಡಿನ ಡಬ್ಬ ವಾಸಿ."

ಕೊನೆಗೆ ಒಂದರಿಂದ ಒಂಬತ್ತರವರೆಗೆ ಅಂಕಿ ಎಂದು ಗೊತ್ತು ಮಾಡಿದೆವು. ಅಂಕಿ ಸಮವಾದರೆ ಹೆಚ್ಚು ಹೊತ್ತು ಕಾದವರು ಮೊದಲು. ನಾನು ಒಂಬತ್ತನ್ನು ಅತಿ ತುರ್ತು ಎಂದುಕೊಂಡಿದ್ದೆ, ಅವನೂ ಹಾಗೇ. ಆದರೆ ಜಾವಾದ ಸಾಲಿನಲ್ಲಿ ಚಿಕ್ಕದೇ ಮೊದಲು ಹೊರಬರುತ್ತದೆ ಎನ್ನುವುದನ್ನು ಪಂಡಿತರು ಮರೆತಿದ್ದರು. ಮೊದಲ ದಿನ ಬೆಳಿಗ್ಗೆ, ಮೂರು ಮಕ್ಕಳ ಮನೆ ಬಿಟ್ಟು, ಫರ್ನೇಸ್ ಕೀಚ್ ಎನ್ನುತ್ತದೆ ಎಂದು ದೂರು ಕೊಟ್ಟಿದ್ದ ಬ್ಯಾಂಕಿನವನ ಮನೆಗೆ ಲಾರಿ ಹೋಯಿತು. ಲಾರಿ ಓಡಿಸುವ ಡ್ಯೂಯಿ ರೇಡಿಯೋದಲ್ಲಿ, "ಇಲ್ಲಿ ಶೆಖೆ ಆಗ್ತಿದೆ, ಅಂಗಿ ಬಿಚ್ಲಾ?" ಎಂದು ಕೇಳಿದ. ಓರಿನ್ ಕಿವಿಯವರೆಗೆ ಕೆಂಪಾದ. ಅವತ್ತಿನಿಂದ ಒಂದೇ ಅತಿ ತುರ್ತು ಎಂದಾಯಿತು.

ಒಳಗೆ ಅದು ಹೇಗೆ ನಡೆಯುತ್ತದೆ ಎಂದು ಒಂದು ಸಲ ಕೇಳಿದೆ. ಊಟದ ಕಾಗದದ ಚೀಲದ ಮೇಲೆ ಚಿತ್ರ ಬರೆದು ತೋರಿಸಿದ. ತುದಿಯಲ್ಲಿ ಒಂದು ಮನೆ, ಅದರ ಕೆಳಗೆ ಎರಡು, ಒಂದೊಂದರ ಕೆಳಗೂ ಮತ್ತೆ ಎರಡೆರಡು. ನಿಯಮ ಒಂದೇ: ಮೇಲಿದ್ದವರು ತಮ್ಮ ಕೆಳಗಿನವರಿಗಿಂತ ತುರ್ತಿನವರಾಗಿರಬೇಕು. ಹೊಸಬರು ತಳದಲ್ಲಿ ಸೇರಿ, ತಮ್ಮ ನೆತ್ತಿಯ ಮೇಲಿನವರ ಜೊತೆ ಹೋಲಿಸಿಕೊಂಡು, ಗೆದ್ದರೆ ಜಾಗ ಬದಲಿಸಿ ಮೇಲೇರುತ್ತಾರೆ. ತುದಿಯವರ ಸರದಿ ಮುಗಿದರೆ ಕೆಳಗಿನ ಇಬ್ಬರಲ್ಲಿ ಹೆಚ್ಚು ತುರ್ತಿನವರು ಆ ಜಾಗಕ್ಕೆ ಬರುತ್ತಾರೆ.

"ಇದು ಸಾಲೇ ಅಲ್ವಲ್ಲೋ! ಎಡದವರು ಮೊದಲೋ ಬಲದವರು ಮೊದಲೋ?"

"ಸಾಲಲ್ಲ, ರಾಶಿ. ಹಾಕಿ ಪಂದ್ಯಾವಳಿ ನೋಡಿಲ್ವಾ? ಗೆದ್ದವರು ಯಾರು ಅಂತ ಗೊತ್ತಿರತ್ತೆ. ಐದನೇ ಜಾಗ ಯಾರದು ಅಂತ ಯಾರಿಗೆ ಬೇಕು? ನಿಮಿಷಕ್ಕೊಂದು ಫೋನ್ ಬರೋವಾಗ ಎಲ್ಲಾ ಜೋಡಿಸ್ತಾ ಕೂರೋಕಾಗಲ್ಲ. ಮುಂದೆ ಯಾರು ಅಂತ ಗೊತ್ತಾದ್ರೆ ಸಾಕು."

ಎರಡು ಚಳಿಗಾಲ ಅದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮಾಡಿತು. ನನ್ನ ತಗಡಿನ ಪೆಟ್ಟಿಗೆಗೆ ಬಿಸ್ಕತ್ತು ತುಂಬಿಟ್ಟೆ. ಒಂದೇ ತೊಂದರೆ: ಯಾರದಾದರೂ ಅಂಕಿ ಬದಲಿಸಬೇಕಾದರೆ ಆ ಕರೆಯನ್ನು ಪೂರ್ತಿ ಅಳಿಸಿ ಮೊದಲಿನಿಂದ ಬರೆಯಬೇಕಿತ್ತು. ಮೂರನೇ ವರ್ಷದ ನವೆಂಬರಿನಲ್ಲಿ ನನಗೆ ತಲೆಕೆಟ್ಟಿತು.

"ಲೋ ಓರಿನ್, ಅಳಿಸು, ಮತ್ತೆ ಹೆಸರು ಬರಿ, ರಸ್ತೆ ಬರಿ ಅಂತೀಯಲ್ಲ, ನನಗೇನು ಹತ್ತು ಕೈ ಇದ್ಯಾ? ಆ ಅಂಕಿ ಮೇಲೆ ಒತ್ತಿ ಬದಲಾಯಿಸೋ ಹಾಗೆ ಮಾಡಿಕೊಡು."

"ಅದೇನ್ ಮಹಾ, ಮಧ್ಯಾಹ್ನದೊಳಗೆ ಆಗತ್ತೆ," ಎಂದ. ಮಧ್ಯಾಹ್ನದೊಳಗೆ ಮಾಡಿಯೂ ಕೊಟ್ಟ. ನಾನು ಅವನಿಗೆ ಪೇಸ್ಟಿ, ಅಂದರೆ ಮಾಂಸ ತುಂಬಿ ಸುಟ್ಟ ಕಡುಬು ತಂದುಕೊಟ್ಟೆ. ಅದನ್ನು ತಿನ್ನುತ್ತ ಇಬ್ಬರೂ ಖುಷಿಯಾಗಿದ್ದೆವು.

ಜನವರಿ ಹದಿನೇಳರಂದು ಊರ ಪಕ್ಕದ ದೊಡ್ಡ ಸರೋವರದ ಕಡೆಯಿಂದ ಹಿಮದ ಬಿರುಗಾಳಿ ಬಂತು. ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ. ನೂರ ನಲವತ್ತು ಕರೆ, ಮೂರು ಲಾರಿ. ಹಿಮ ತಳ್ಳುವ ಗಾಡಿಯ ಹಿಂದೆ ಹಿಂದೆಯೇ ನಮ್ಮ ಲಾರಿ ಹೋಗಬೇಕು. ಬೆಳಿಗ್ಗೆ ಎಂಟು ಗಂಟೆಗೆ ಐಲಿ ಫೋನ್ ಮಾಡಿದಳು.

"ಫರ್ನೇಸ್ ಕೆಮ್ತಾ ಇದೆ ವರ್ನಾ, ಇನ್ನೂ ಸತ್ತಿಲ್ಲ. ಅವಸರ ಏನಿಲ್ಲಮ್ಮ, ಸೌನಾ ಒಲೆ ಇದೆ, ಸೌದೆ ಇದೆ. ಮಕ್ಕಳಿರೋ ಮನೆ ಮೊದಲು ನೋಡು."

ಏಳು ಎಂದು ಬರೆದೆ. ಹನ್ನೆರಡೂಕಾಲಿಗೆ ಮತ್ತೆ ಅವಳೇ. ದನಿ ಚಿಕ್ಕದಾಗಿತ್ತು.

"ನಿಂತೇ ಹೋಯ್ತು ಕಣಮ್ಮ. ಸೌದೆ ಒದ್ದೆ, ಬೆಂಕಿ ಹಿಡೀತಿಲ್ಲ. ಕೈ ಒಂಚೂರು ಮರಗಟ್ಟಿದೆ."

ನಾನು ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದೆ. "ಕೈ ಮರಗಟ್ಟಿದ್ಯಾ ಐಲಕ್ಕ? ಓರಿನ್‌ಗೆ ಕೊಡ್ಲಾ ಫೋನು?"

"ಬೇಡ, ಬೇಡ. ಗಾಬರಿಯಾಗಿ ಕೆಲಸ ಬಿಟ್ಟು ಓಡಿ ಬರ್ತಾನೆ, ಕಾರು ಎಲ್ಲಾದ್ರೂ ಹಳ್ಳಕ್ಕೆ ಬೀಳತ್ತೆ. ಹೇಳ್ಬೇಡ ಅವನಿಗೆ."

"ಸರಿ, ನಿನ್ನ ಅಂಕಿ ಎರಡು ಮಾಡಿದೀನಿ. ಕೋಟು ಹಾಕ್ಕೊಂಡು ಕೂತ್ಕೋ, ಇನ್ನೇನು ಲಾರಿ ಬಂತು."

ಏಳರ ಮೇಲೆ ಒತ್ತಿದೆ, ಎರಡು ಮಾಡಿದೆ. ಪರದೆಯ ಮೇಲೆ ಅವಳ ಹೆಸರಿನ ಮುಂದೆ ಎರಡು ಎಂದೇ ಕಾಣಿಸಿತು. ಮುಂದಿನ ಫೋನ್ ಎತ್ತಿಕೊಂಡೆ.

ಎರಡೂವರೆಗೆ ಓರಿನ್ ತನ್ನ ಮೇಜಿನಿಂದಲೇ ಕೇಳಿದ. "ಅಕ್ಕಂದು ಎಷ್ಟರಲ್ಲಿದೆ?"

"ಎರಡು. ಇನ್ನೂ ಹೋಗಿಲ್ಲ. ಡ್ಯೂಯಿಗೆ ರೇಡಿಯೋದಲ್ಲಿ ಹೇಳಿ ಆ ಕಡೆ ತಿರುಗಿಸ್ಲಾ?"

ಅವನು ಒಂದು ಕ್ಷಣ ಪರದೆ ನೋಡಿದ. "ನಮ್ಮಕ್ಕ ಅಂತ ಬೇರೆಯವರನ್ನ ದಾಟಿ ಮುಂದೆ ತಂದ್ರೆ ನಾಳೆ ಯಾರಿಗೆ ಮುಖ ತೋರಿಸ್ಲಿ? ಎರಡಿದ್ಯಲ್ಲ, ಬರತ್ತೆ ಬಿಡು."

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಚುಡಾಯಿಸಿದೆ. ಅವನು ನಕ್ಕ.

ನಾಲ್ಕು ಗಂಟೆಗೆ ಪೊಲೀಸರು ಫಿಶ್ ರಸ್ತೆ ಮುಚ್ಚಿದರು. ನಾನು ಐಲಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಸೌನಾದ ಒಲೆ ಹತ್ತಿಕೊಂಡಿರಬೇಕು, ಅಲ್ಲೇ ಬೆಚ್ಚಗೆ ಕುಳಿತಿರಬೇಕು ಎಂದುಕೊಂಡೆ. ಮನಸ್ಸಿಗೆ ಬೇಕಾದದ್ದನ್ನು ನಂಬುವುದು ಎಷ್ಟು ಸುಲಭ. ಓರಿನ್ ಐದಕ್ಕೆ ಕಾರು ತೆಗೆದುಕೊಂಡು ಹೊರಟ. ಅಡ್ಡಗಟ್ಟಿದ ಕಡೆ ಪೊಲೀಸರು ವಾಪಸು ಕಳಿಸಿದರು. ಬೆಳಿಗ್ಗೆ ಏಳಕ್ಕೆ ಡ್ಯೂಯಿಯ ಲಾರಿಯಲ್ಲಿ ಅವನೂ ಹತ್ತಿಕೊಂಡ.

ಐಲಿ ಸೌನಾದ ಹೊರಕೋಣೆಯ ಬೆಂಚಿನ ಮೇಲೆ ಕೋಟು ಹಾಕಿಕೊಂಡು ಕುಳಿತೇ ಇದ್ದಳಂತೆ. ಮಡಿಲಲ್ಲಿ ಬೆಂಕಿಪೊಟ್ಟಣ. ಕಾಲ ಬಳಿ ಹದಿನೇಳು ಸುಟ್ಟ ಕಡ್ಡಿ. ಇದನ್ನು ನನಗೆ ಹೇಳಿದವನು ಡ್ಯೂಯಿ. ನಾನು ಹಾಕಿಕೊಂಡು ಕೂತ್ಕೋ ಎಂದ ಕೋಟು ಅದು.

ಅವಳನ್ನು ಮಣ್ಣು ಮಾಡಿದ ಮಾರನೆಯ ದಿನವೇ ಓರಿನ್ ಕೆಲಸಕ್ಕೆ ಬಂದ. ಜನವರಿ ಹದಿನೇಳರ ಕರೆಗಳನ್ನೆಲ್ಲ ಕಾಗದಕ್ಕಿಳಿಸಿ, ಪೆನ್ಸಿಲ್ ಹಿಡಿದು, ಆ ಮಧ್ಯಾಹ್ನದ ರಾಶಿಯನ್ನು ಒಂದೊಂದೇ ಮನೆಯಾಗಿ ಬಿಡಿಸಿದ. ಮೂರು ದಿನ ಹಿಡಿಯಿತು. ಆಮೇಲೆ ನನ್ನನ್ನು ಕರೆದ.

"ನೋಡಿಲ್ಲಿ. ನೀನು ಎರಡು ಅಂತ ಮಾಡ್ದೆ. ಎರಡಾಯ್ತು. ಆದ್ರೆ ಅವಳು ಜಾಗ ಬಿಟ್ಟು ಕದಲಲಿಲ್ಲ."

"ಯಾಕೆ?"

"ಕದಲು ಅಂತ ಯಂತ್ರಕ್ಕೆ ನಾನು ಹೇಳಿಕೊಟ್ಟಿಲ್ಲ. ಅಂಕಿ ಬದಲಾದ್ರೆ ಮತ್ತೆ ಹೋಲಿಸಿ ನೋಡು ಅಂತ ಅದಕ್ಕೆ ತಾನಾಗೇ ತಿಳಿಯಲ್ಲ. ತೆಗೆದು ಮತ್ತೆ ಇಡಬೇಕು. ಎರಡು ಸಾಲು ವರ್ನಾ. ಎರಡೇ ಸಾಲು ಬರೀಬೇಕಿತ್ತು."

ಅವನ ಪೆನ್ಸಿಲ್ಲು ಐಲಿಯ ನೆತ್ತಿಯ ಮೇಲಿದ್ದ ಮನೆಗೆ ಬಂದು ನಿಂತಿತು. ಅಂಕಿ ಐದು. ಡೆಟ್ರಾಯಿಟ್‌ನವರು ಯಾರೋ ಬೇಟೆಗೆಂದು ಕಟ್ಟಿಸಿಟ್ಟ ಮನೆ, ನೀರಿನ ಪೈಪು ಒಡೆದೀತು ಎಂದು ಡೆಟ್ರಾಯಿಟ್‌ನಿಂದಲೇ ಫೋನ್ ಮಾಡಿದ್ದರು. ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದಿನವಿಡೀ ಉಳಿದ ಕೊಂಬೆಗಳಿಂದ ಮೂರು, ನಾಲ್ಕು ಅಂಕಿಯವರು ಮೇಲೆ ಬಂದು ಹೋಗುತ್ತಲೇ ಇದ್ದರು. ಐದರ ಸರದಿ ಬರಲೇ ಇಲ್ಲ. ಅದು ಏಳದೆ ಕೆಳಗಿದ್ದವಳು ಏಳುವಂತಿರಲಿಲ್ಲ. ಒಂದು ಖಾಲಿ ಮನೆಯ ಅಡಿಯಲ್ಲಿ ನಮ್ಮ ಐಲಿ ಕುಳಿತಿದ್ದಳು.

"ಮೊದಲ ವಾರವೇ ನೀನು ಹೇಳಿದ್ದೆ. ಬರ್ಕೊಂಡಿದ್ದೆ ಕೂಡ," ಎಂದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಇಲ್ಲಿ ಒಲೆಯೂ ಉರಿಯಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಅವನು ಅಳಲಿಲ್ಲ, ಎರಡು ಸಾಲು ಬರೆದ.

ಮ್ಯಾನೇಜರು, "ಬಿರುಗಾಳಿ ತಂದ ಸಾವು, ಯಾರೇನು ಮಾಡೋಕಾಗ್ತಿತ್ತು?" ಎಂದು ಕೈ ತೊಳೆದುಕೊಂಡರು. ತೆಪ್ಪಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಫೆಬ್ರವರಿಯಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಸಂಘದ ಸಭೆ ಸೇರಿದಾಗ ಓರಿನ್ ಎದ್ದು ನಿಂತು ತಪ್ಪು ತನ್ನದೆಂದು ಹೇಳಿ, ಆ ಚಿತ್ರವನ್ನು ಗೋಡೆಗೆ ಅಂಟಿಸಿದ. ಜನ ಕಾಫಿ ಲೋಟ ಕೆಳಗಿಟ್ಟರು. ಮುಂದೆ ಕುಳಿತಿದ್ದ ಒಬ್ಬ ಮುದುಕಿ, "ನೀನೇನ್ ಮಾಡ್ತೀಯಪ್ಪ, ದೇವರಿಚ್ಛೆ," ಎಂದಳು.

"ದೇವರಿಗೆ ಜಾವಾ ಬರಲ್ಲ ಅಜ್ಜಿ. ಬರೆದೋನು ನಾನು," ಎಂದ.

ಅಂಕಿ ಮೇಲೆ ಒತ್ತಿ ಬದಲಿಸುವ ಹಾಗೆ ಮಾಡಿಕೊಡು ಎಂದು ಕೇಳಿದವರು ಯಾರು ಎಂಬುದನ್ನು ಅವನು ಹೇಳಲಿಲ್ಲ. ಆ ಮಧ್ಯಾಹ್ನದ ಫೋನಿನಲ್ಲಿ ಐಲಿ ನನಗೆ ಏನೆಂದಳು ಎಂಬುದನ್ನು ನಾನೂ ಹೇಳಲಿಲ್ಲ. ಹಿಂದಿನ ಸಾಲಿನಲ್ಲಿ ಲೋಟ ಹಿಡಿದುಕೊಂಡು ಕುಳಿತಿದ್ದೆ. ಹೇಡಿ ಎಂದರೆ ನಾನೇ.

ಅಂದಿನಿಂದ ಓರಿನ್‌ಗೆ ಒಂದು ಅಭ್ಯಾಸವಾಯಿತು. ದಿನಾ ಬೆಳಿಗ್ಗೆ ಮೊದಲ ಫೋನ್ ಬರುವ ಮುಂಚೆ, ಹಿಂದಿನ ದಿನ ಉಳಿದ ಕರೆಗಳ ರಾಶಿಗೆ ಒಂದು ಕರೆ ಸೇರಿಸುವನು: ಐಲಿ ಹಕಲಾ, ಫಿಶ್ ರಸ್ತೆ, ಏಳು. ಆಮೇಲೆ ಏಳನ್ನು ಎರಡು ಮಾಡುವನು. ಅವಳು ಎಲ್ಲರನ್ನೂ ದಾಟಿ ತುದಿಗೆ ಬಂದು ನಿಲ್ಲುವಳು. ಸ್ವಲ್ಪ ಹೊತ್ತು ನೋಡಿ, ಅಳಿಸಿ, "ಸರಿ ಇದೆ," ಎಂದು ನನಗೆ ತಲೆಯಾಡಿಸುವನು. ಒಂಬತ್ತು ವರ್ಷ ಹೀಗೇ ನಡೆಯಿತು. ಒಂದು ದಿನವೂ ನನ್ನಿಂದ ಆ ಪರದೆಯನ್ನು ಪೂರ್ತಿ ನೋಡಲಾಗಲಿಲ್ಲ.

ನಿವೃತ್ತನಾದ ಮೇಲೆ ಫಿಶ್ ರಸ್ತೆಯ ಮನೆಗೇ ಹೋಗಿ ಇದ್ದ. ಗಣಿಯ ಧೂಳು ಶ್ವಾಸಕೋಶದಲ್ಲಿ ಕುಳಿತಿತ್ತು. ಶನಿವಾರ ನಾನು ಏಲಕ್ಕಿ ಬ್ರೆಡ್ಡು ತೆಗೆದುಕೊಂಡು ಹೋಗುತ್ತಿದ್ದೆ. ಐಲಿಯ ಕೈರುಚಿ ನನ್ನದಕ್ಕಿಲ್ಲ, ಅವನು ಸುಮ್ಮನೆ ತಿನ್ನುತ್ತಿದ್ದ. ಕಳೆದ ಸೆಪ್ಟೆಂಬರಿನಲ್ಲಿ, ಇನ್ನು ಹೆಚ್ಚು ಶನಿವಾರಗಳಿಲ್ಲ ಎಂದು ಇಬ್ಬರಿಗೂ ಗೊತ್ತಿದ್ದಾಗ, ನಾನು ಬಾಯಿ ಬಿಟ್ಟೆ.

"ಓರಿನ್, ಅವತ್ತು ಐಲಕ್ಕ ಎರಡನೇ ಸಲ ಫೋನ್ ಮಾಡಿದಾಗ, ಕೈ ಮರಗಟ್ಟಿದೆ ಅಂದ್ಳು. ನಿನಗೆ ಹೇಳ್ಬೇಡ ಅಂದ್ಳು. ನಾನು ಹೇಳ್ಲಿಲ್ಲ. ಹೇಳಿದ್ರೆ ನೀನು ಹನ್ನೆರಡೂವರೆಗೇ ಹೊರಡ್ತಿದ್ದೆ. ರಸ್ತೆ ತೆಗೆದೇ ಇತ್ತು."

ಅವನು ಕಿಟಕಿಯಾಚೆ ಸೌನಾದ ಕಡೆ ನೋಡಿದ. ಕೆಮ್ಮಿದ, ನೀರು ಕುಡಿದ.

"ನಾಲ್ಕಡಿ ದೂರದಲ್ಲಿ ಕೂತಿದ್ದೆ ವರ್ನಾ. ನೀನು ದನಿ ತಗ್ಗಿಸೋದಂದ್ರೆ ಬೇರೆಯವರು ಜೋರಾಗಿ ಮಾತಾಡಿದ ಹಾಗೆ."

ನಾನು ಬ್ರೆಡ್ಡಿನ ತಟ್ಟೆ ಕೆಳಗಿಟ್ಟೆ.

"ಕೇಳಿಸ್ತಾ ನಿನಗೆ?"

"ಕೈ ಮರಗಟ್ಟಿದ್ಯಾ ಐಲಕ್ಕ ಅಂದ್ಯಲ್ಲ, ಕೇಳಿಸ್ತು. ಎದ್ದೂ ನಿಂತೆ, ಕೋಟಿಗೆ ಕೈ ಹಾಕ್ದೆ. ಆಮೇಲೆ ಪರದೆ ನೋಡ್ದೆ. ಎರಡು ಅಂತ ಇತ್ತು. ನಾನೇ ಬರೆದದ್ದಲ್ವಾ, ಸುಳ್ಳು ಹೇಳತ್ತಾ ಅಂದ್ಕೊಂಡೆ. ಮತ್ತೆ ಕೂತ್ಕೊಂಡೆ."

ಹನ್ನೊಂದು ವರ್ಷ ನಾನು ಅವನಿಂದ ಬಚ್ಚಿಟ್ಟಿದ್ದು ಅವನ ಬಳಿಯೇ ಇತ್ತು. ಅವನು ಬಚ್ಚಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ಅವನ ಕೈ ಹಿಡಿದುಕೊಂಡೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಅತ್ತ, ಅಕ್ಕಾ ಅಕ್ಕಾ ಎಂದು ಐದು ವರ್ಷದ ಮಗುವಿನ ಹಾಗೆ. ಇಪ್ಪತ್ತಾರು ವರ್ಷ ಊರ ಗಂಡಸರನ್ನೆಲ್ಲ ಪಾತಾಳದಿಂದ ಮೇಲೆ ತಂದವನು, ಸಾಕಿದವಳೊಬ್ಬಳನ್ನು ಕೆಳಗೇ ಬಿಟ್ಟುಬಿಟ್ಟೆ ಎಂದು ಅತ್ತ.

ನಾನು ಹೊರಡುವಾಗ ಬಾಗಿಲಲ್ಲಿ ಕೇಳಿದ. "ಬೆಳಿಗ್ಗೆ ನೋಡ್ತಿದೀಯ ತಾನೇ?"

"ದಿನಾ ನೋಡ್ತೀನಿ."

"ಬರ್ತಿದಾಳಾ ಮೇಲೆ?"

"ಬರ್ತಾಳೆ ಕಣೋ. ಎಲ್ಲರಿಗಿಂತ ಮೊದಲು."

ಅವನು ನಿವೃತ್ತನಾದ ದಿನದಿಂದ ಅದು ನನ್ನ ಕೆಲಸ. ಹೊಸದಾಗಿ ಬಂದಿರುವ ಪ್ರೋಗ್ರಾಮರ್ ಹೆಂಗಸು, ಇದೇನು ಇಲ್ಲದ ಗಿರಾಕಿಯ ಹೆಸರು ದಿನಾ ಬರುತ್ತದಲ್ಲ ಎಂದು ಕೇಳಿದಳು. ಅದರ ತಂಟೆಗೆ ಬರಬೇಡ ಎಂದು ಗದರಿದೆ. ಇವತ್ತು ಬೆಳಿಗ್ಗೆಯೂ ಫಿಶ್ ರಸ್ತೆ ಎಂದು ಬರೆದು, ಏಳು ಹಾಕಿ, ಎರಡು ಮಾಡಿದೆ. ಐಲಕ್ಕ ಮೇಲೆ ಬಂದಳು. ನೋಡಿದೆ, ಅಳಿಸಿದೆ. ಅಷ್ಟರಲ್ಲಿ ಫೋನ್ ಬಂತು, ಎತ್ತಿಕೊಂಡೆ.